ಅಶೋಕದ ಬೀಜವನ್ನು ಬಿಸಿಲಿಗೆ ಒಣಗಿಸಬೇಡಿ

ಮಳೆ ಹಿಡಿದ ಮೇಲೆ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯಿಂದ ನಮ್ಮ ನರ್ಸರಿಗೆ ಬರುವವರಲ್ಲಿ ಹಲವರು ಒಂದೇ ಮಾತು ಹೇಳುತ್ತಾರೆ: ಅಶೋಕದ ಬೀಜ ಹಾಕಿದ್ದೆವು, ಒಂದೂ ಹುಟ್ಟಲಿಲ್ಲ. ವಿಚಾರಿಸಿದರೆ, ಹರಿವೆ, ಬೆಂಡೆಯ ಬೀಜದಂತೆ ಅದನ್ನೂ ಅಂಗಳದ ಬಿಸಿಲಿಗೆ ಹರವಿ, ಡಬ್ಬದಲ್ಲಿ ತೆಗೆದಿಟ್ಟು, ಬಿಡುವಾದಾಗ ಬಿತ್ತಿರುತ್ತಾರೆ. ತರಕಾರಿ ಬೀಜಕ್ಕೆ ಈ ಕ್ರಮ ಸರಿಯೇ. ಆದರೆ ಮಳೆಕಾಡಿನ ನಿತ್ಯಹರಿದ್ವರ್ಣ ಮರಗಳಲ್ಲಿ ಹಲವುಗಳ ಬೀಜ ಉದುರಿದ ಕೂಡಲೇ ಒದ್ದೆ ನೆಲದಲ್ಲಿ ಮೊಳೆಯುವಂಥದ್ದು. ಒಳಗಿನ ತೇವ ಆರಿತೆಂದರೆ ಮೊಳಕೆಯ ಜೀವವೇ ಹೋಗುತ್ತದೆ.

ನಾನು ಹೇಳುತ್ತಿರುವುದು ಗೇಟಿನ ಬದಿಯಲ್ಲಿ ಕಂಬದಂತೆ ನಿಲ್ಲುವ ಮರವನ್ನಲ್ಲ. ಹೆಸರು ಒಂದೇ ಆದರೂ ಅದು ಸೀತಾಫಲದ ಕುಟುಂಬಕ್ಕೆ ಸೇರಿದ್ದು. ಕೊಂಬೆಗೇ ಅಂಟಿಕೊಂಡಂತೆ ಕಿತ್ತಳೆ ಬಣ್ಣದ ಹೂಗೊಂಚಲು ಬಿಡುವ, ತಾಮ್ರವರ್ಣದ ಚಿಗುರು ಜೋಲುವ ಸೀತಾ ಅಶೋಕದ ಕುರಿತು ಹೇಳುತ್ತಿದ್ದೇನೆ. ಔಷಧಕ್ಕೆಂದು ತೊಗಟೆ ಸುಲಿದು ಸುಲಿದು ಕಾಡಿನಲ್ಲಿ ಈ ಮರ ಕಡಿಮೆಯಾಗಿದೆ. ಆದ್ದರಿಂದ ಒಂದೊಂದು ಬೀಜವೂ ಗಿಡವಾಗಬೇಕೆಂಬುದು ನನ್ನ ಆಸೆ. ಕೋಡು ಕಪ್ಪಾಗಿ ಬಾಯಿಬಿಡುವಾಗ ಬೀಜ ಆರಿಸಿ, ಅಂದೇ ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ. ತೇಲುವವು ಹೆಚ್ಚಾಗಿ ಪೊಳ್ಳು. ಮುಳುಗಿದವನ್ನು ಮರಳು, ಸುಡುಮಣ್ಣು, ಹಳೆಯ ಹಟ್ಟಿಗೊಬ್ಬರ ಬೆರೆಸಿದ ತೊಟ್ಟೆಯಲ್ಲಿ (ಪ್ಲಾಸ್ಟಿಕ್ ಚೀಲದಲ್ಲಿ) ಬೀಜದ ದಪ್ಪದಷ್ಟೇ ಆಳಕ್ಕೆ ಅಡ್ಡ ಮಲಗಿಸಿ ಊರಿ, ಮಡಲಿನ, ಅಂದರೆ ತೆಂಗಿನ ಗರಿಯ, ನೆರಳಿನಲ್ಲಿಟ್ಟರೆ ಮೂರು ವಾರದ ಹೊತ್ತಿಗೆ ಮೊಳಕೆ ಮಣ್ಣನ್ನು ಎತ್ತತೊಡಗುತ್ತದೆ.

ಕುಂಬಳೆ, ಮಂಜೇಶ್ವರದ ಕಡಲ ಬದಿಯವರಿಗೆ ನಾನು ಸೂಚಿಸುವುದು ಹೊನ್ನೆಯನ್ನು. ಹಿಂದೆ ದೀಪಕ್ಕೆ ಎಣ್ಣೆ ಕೊಡುತ್ತಿದ್ದ ಈ ಮರ ಉಪ್ಪುಗಾಳಿಗೆ ಅಂಜುವುದಿಲ್ಲ. ವರ್ಷವಿಡೀ ಎಲೆ ಹೊಳೆಯುತ್ತಲೇ ಇರುತ್ತದೆ. ಬಾವಲಿಗಳು ತಿಂದು ಬಿಸಾಡಿದ ಕಾಯಿ ಮರದಡಿಯಲ್ಲಿ ಬೇಕಾದಷ್ಟು ಸಿಗುತ್ತದೆ. ನೀರಿನಲ್ಲಿ ಮುಳುಗಿಸಿ ನೋಡುವ ಪರೀಕ್ಷೆ ಮಾತ್ರ ಇದಕ್ಕೆ ಸಲ್ಲದು, ಏಕೆಂದರೆ ಕಡಲಿನಲ್ಲಿ ತೇಲಿಹೋಗಿ ಬೇರೆ ದಡದಲ್ಲಿ ಹುಟ್ಟುವ ಕಾಯಿಯಿದು. ಚಿಪ್ಪು ಸಹಿತ ಊರಿದರೆ ಮೊಳೆಯಲು ಸುಮಾರು ಎರಡು ತಿಂಗಳು ಬೇಕು. ಚಿಪ್ಪು ತೆಗೆದು ಊರಿದರೆ ಮೂರು ವಾರ ಸಾಕು. ಕಾಯಿಯನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ತಿರುಗಿಸಿ. ಚಟ್ಟೆಂದು ಸದ್ದಾಗಿ ಚಿಪ್ಪು ಸೀಳಿದ ಕೂಡಲೇ ಕೈ ನಿಲ್ಲಿಸಿ, ಉಳಿದದ್ದನ್ನು ಉಗುರಿನಿಂದ ಬಿಡಿಸಬೇಕು. ತಿರುಳಿಗೆ ಗಾಯವಾದರೆ ಬೂಸ್ಟು ಹಿಡಿಯುತ್ತದೆ.

ಸಂಪಿಗೆಯದು ಬೇರೆ ಸಮಸ್ಯೆ. ಬೀಜಕ್ಕೆ ಅಂಟಿದ ಕೆಂಪು ಎಣ್ಣೆಪೊರೆಯನ್ನು ಮರಳಿನಲ್ಲಿ ತಿಕ್ಕಿ ತೊಳೆಯದಿದ್ದರೆ ಮೊಳಕೆ ತಡವಾಗುತ್ತದೆ, ಇರುವೆಗಳೂ ಬಿಡುವುದಿಲ್ಲ. ರಂಜದ (ಬಕುಳದ) ಗಟ್ಟಿ ಬೀಜಕ್ಕೆ ಒಂದು ದಿನದ ನೆನೆ ಸಾಕು.

ಮೊಳೆತ ಗಿಡವನ್ನು ಸಣ್ಣ ತೊಟ್ಟೆಯಲ್ಲಿ ವರ್ಷಗಟ್ಟಲೆ ಇಡುವುದು ಇನ್ನೊಂದು ತಪ್ಪು. ತಾಯಿಬೇರು ತಳಕ್ಕೆ ಮುಟ್ಟಿ ಸುರುಳಿ ಸುತ್ತಿದರೆ, ನೆಟ್ಟ ಮೇಲೂ ಅದು ಹಾಗೆಯೇ ಸುತ್ತುತ್ತಾ ಹೋಗಿ, ಮರ ದೊಡ್ಡದಾದಾಗ ಗಾಳಿಗೆ ಬೀಳಬಹುದು. ಮುಂದಿನ ಜೂನಿನಲ್ಲಿ, ಮುರಕಲ್ಲಿನ ನೆಲವಾದರೆ ಎರಡು ಅಡಿ ಉದ್ದ, ಅಗಲ, ಆಳದ ಗುಂಡಿ ಕಡಿದು ಮೇಲ್ಮಣ್ಣು ತುಂಬಿಸಿ ನೆಡಬೇಕು. ಗುಂಡಿಯಲ್ಲಿ ನೀರು ನಿಲ್ಲದಂತೆ ಮಣ್ಣನ್ನು ಸ್ವಲ್ಪ ಏರಿಸಿ, ತುಲಾಮಳೆ (ಅಕ್ಟೋಬರ್–ನವೆಂಬರಿನ ಹಿಂಗಾರು ಮಳೆ) ನಿಂತ ಕೂಡಲೇ ಬುಡಕ್ಕೆ ತರಗೆಲೆ ಹೊದಿಸಿ, ಮೊದಲ ಎರಡು ಬೇಸಗೆ ವಾರಕ್ಕೆರಡು ಬಾರಿ ನೀರು ಹಾಕಿ.