ನೆಲ ಎದ್ದರೆ ದೀಪ ವಾಲುತ್ತದೆ: ಚಳಿ ಊರಿನ ಕಾಲುದಾರಿ ದೀಪಗಳ ಟಿಪ್ಪಣಿ

ಏಪ್ರಿಲ್‌ನಲ್ಲಿ ಹಿಮ ಕರಗಿದ ಮೇಲೆ ನೋಡಿದೆ. ಮನೆ ಮುಂದಿನ ಎಂಟು ದೀಪಗಳಲ್ಲಿ ಐದು ವಾಲಿದ್ದವು, ಎರಡು ಉರಿಯುತ್ತಲೇ ಇರಲಿಲ್ಲ. ನಾವಿರುವುದು ಅಮೆರಿಕದ ಮಿನಿಯಾಪೊಲಿಸ್ ಹತ್ತಿರ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೇ ಸೂರ್ಯ ಮುಳುಗುತ್ತಾನೆ. ದಾರಿ ಮೇಲೆ ಐಸ್ ಇದ್ದಾಗ ಬೆಳಕಿಲ್ಲದಿದ್ದರೆ ಅತ್ತೆ ಮಾವ ಕಾಲಿಡುವುದೇ ಕಷ್ಟ. ಬೇಸಿಗೆಯೆಲ್ಲ ಓದಿ, ಎಲ್ಲವನ್ನೂ ಕಿತ್ತು ಮತ್ತೆ ಹೂತಿದ್ದೇನೆ. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ಕರೆಂಟಿನ ಲೆಕ್ಕ

ಇದು ಸುಲಭ. ಟ್ರಾನ್ಸ್‌ಫಾರ್ಮರ್ 120 ವೋಲ್ಟನ್ನು 12ಕ್ಕೆ ಇಳಿಸುತ್ತದೆ. 4 ವ್ಯಾಟ್‌ನ ಎಂಟು ಎಲ್‌ಇಡಿ ಅಂದರೆ 32 ವ್ಯಾಟ್, ಸುಮಾರು 2.7 ಆಂಪಿಯರ್. 60 ವ್ಯಾಟ್‌ನ ಟ್ರಾನ್ಸ್‌ಫಾರ್ಮರ್ ಧಾರಾಳವಾಯಿತು. 80 ಅಡಿ ದೂರಕ್ಕೆ 12 ಗೇಜ್ ತಾಮ್ರದ ಕೇಬಲ್ ಎಳೆದರೆ, ಎಲ್ಲ ದೀಪಗಳೂ ಕೊನೆಯಲ್ಲೇ ಇವೆ ಎಂದುಕೊಂಡರೂ ಮುಕ್ಕಾಲು ವೋಲ್ಟ್‌ಗಿಂತ ಕಡಿಮೆ ಇಳಿಯುತ್ತದೆ. ಚಳಿಯಲ್ಲಿ ತಾಮ್ರದ ರೋಧ ಇನ್ನೂ ಕಡಿಮೆಯಾಗುತ್ತದೆ. ಎಲ್‌ಇಡಿಗೂ ಚಳಿ ಒಳ್ಳೆಯದೇ.

ಸೋಲಾರ್ ದೀಪ ಬೇಡ ಅಂತ ನಿರ್ಧರಿಸಿದೆ. ಇಲ್ಲಿ ಡಿಸೆಂಬರ್‌ನಲ್ಲಿ ಹಗಲು ಒಂಬತ್ತು ಗಂಟೆಯೂ ಇರುವುದಿಲ್ಲ. ಪ್ಯಾನೆಲ್ ಮೇಲೆ ಹಿಮ ಕೂರುತ್ತದೆ, ಬ್ಯಾಟರಿಯ ಬಲವೂ ಕುಗ್ಗುತ್ತದೆ.

ನೆಲ ಯಾಕೆ ಏಳುತ್ತದೆ?

ನಾನು ಸಿಕ್ಕಿಹಾಕಿಕೊಂಡಿದ್ದು ಇಲ್ಲೇ. ನೀರು ಐಸ್ ಆದಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ, ಹಾಗಾಗಿ ಒದ್ದೆ ಮಣ್ಣು ಉಬ್ಬುತ್ತದೆ ಅಂತ ತಿಳಿದಿದ್ದೆ. ನಮ್ಮ ಕಡೆಯ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರುಕು ಬಿಡುತ್ತದಲ್ವಾ, ಇದೂ ಹಾಗೇ ಇರಬೇಕು ಅಂದುಕೊಂಡೆ. ಎರಡೂ ಅಲ್ಲ.

ಸುಮಾರು 1930ರ ಹೊತ್ತಿಗೆ ಸ್ಟೀಫನ್ ಟೇಬರ್ ಎಂಬ ಅಮೆರಿಕದ ಭೂವಿಜ್ಞಾನಿ ಇದನ್ನು ಪ್ರಯೋಗದಲ್ಲಿ ತೋರಿಸಿದರು. ಮಣ್ಣಿಗೆ ನೀರಿನ ಬದಲು ಬೆಂಜೀನ್ ಎಂಬ ದ್ರವ ಹಾಕಿ ಹೆಪ್ಪುಗಟ್ಟಿಸಿದರು. ಬೆಂಜೀನ್ ಗಟ್ಟಿಯಾಗುವಾಗ ಹಿಗ್ಗುವುದಿಲ್ಲ, ಕುಗ್ಗುತ್ತದೆ. ಆದರೂ ಮಣ್ಣು ಮೇಲೆದ್ದಿತು! ಅಂದಮೇಲೆ ಹಿಗ್ಗುವುದು ಮುಖ್ಯ ಕಾರಣ ಆಗಲಾರದು.

ನಡೆಯುವುದು ಹೀಗೆ. ಚಳಿ ಮೇಲಿಂದ ಕೆಳಕ್ಕೆ ಇಳಿಯುತ್ತದೆ. ಹೆಪ್ಪುಗಟ್ಟುವ ಗೆರೆಯ ಹತ್ತಿರ ಐಸ್‌ನ ತೆಳು ಪದರ ಹುಟ್ಟುತ್ತದೆ. ಅದು ಕೆಳಗಿನ, ಇನ್ನೂ ಹೆಪ್ಪುಗಟ್ಟದ ಮಣ್ಣಿನಿಂದ ನೀರನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ದೀಪದ ಬತ್ತಿ ಎಣ್ಣೆ ಎಳೆಯುವುದನ್ನು ನೆನೆಸಿಕೊಳ್ಳಿ. ಬಂದ ನೀರೂ ಐಸ್ ಆಗುತ್ತದೆ, ಪದರ ದಪ್ಪವಾಗುತ್ತದೆ, ಮೇಲಿನ ಮಣ್ಣನ್ನು ಎತ್ತುತ್ತದೆ. ಎತ್ತುವುದು ಅಲ್ಲಿದ್ದ ನೀರಲ್ಲ, ಹೊಸದಾಗಿ ಏರಿ ಬಂದ ನೀರು. ಈ ಒಂದು ಮಾತು ತಲೆಗೆ ಹೋಗಲು ನನಗೆ ಎರಡು ವಾರ ಹಿಡಿಯಿತು.

ಹಾಗಾದರೆ ಯಾವ ಮಣ್ಣು ಕೆಟ್ಟದ್ದು? ಕೆರೆಯ ಹೂಳಿನಂಥ ನಯವಾದ ಮಣ್ಣು. ಮರಳು, ಜಲ್ಲಿಯಲ್ಲಿ ಸಂದುಗಳು ದೊಡ್ಡವು, ನೀರು ಮೇಲೇರುವುದಿಲ್ಲ. ಜೇಡಿಮಣ್ಣು ಜೋರಾಗಿ ಎಳೆಯುತ್ತದೆ, ಆದರೆ ಅದರೊಳಗೆ ನೀರು ಬಹಳ ನಿಧಾನ. ಹೂಳು ಎಳೆಯುತ್ತದೆ, ನೀರನ್ನು ಬೇಗ ಹರಿಯಲೂ ಬಿಡುತ್ತದೆ. ನಮ್ಮ ಅಂಗಳದ್ದು ಅದೇ.

ಸರಿ, ಎದ್ದ ನೆಲ ವಸಂತದಲ್ಲಿ ಇಳಿಯುತ್ತದಲ್ಲ, ದೀಪದ ಗೂಟ ಯಾಕೆ ಇಳಿಯುವುದಿಲ್ಲ? ಹೆಪ್ಪುಗಟ್ಟಿದ ಮಣ್ಣು ಗೂಟದ ಬದಿಗಳನ್ನು ಬಿಗಿಯಾಗಿ ಹಿಡಿದು ಮೇಲಕ್ಕೆತ್ತುತ್ತದೆ. ಕೆಳಗೆ ಪೊಳ್ಳಾಗುತ್ತದೆ. ಐಸ್ ಕರಗುವಾಗ ಆ ಪೊಳ್ಳಿಗೆ ಮಣ್ಣು ಜಾರಿ ತುಂಬಿಕೊಳ್ಳುತ್ತದೆ. ಗೂಟಕ್ಕೆ ವಾಪಸ್ ಹೋಗಲು ಜಾಗವೇ ಇರುವುದಿಲ್ಲ. ಪ್ರತಿ ವರ್ಷ ಹೀಗೆ ಸ್ವಲ್ಪ ಸ್ವಲ್ಪ.

ಇನ್ನು ವಾಲುವುದು. ಹಿಮ ನೆಲಕ್ಕೆ ಕಂಬಳಿ ಇದ್ದ ಹಾಗೆ. ಹೂವಿನ ಪಾತಿಯ ಮೇಲೆ ಅದು ಹಾಗೇ ಇರುತ್ತದೆ, ಕಾಲುದಾರಿಯದ್ದನ್ನು ನಾವು ಎತ್ತಿ ಹಾಕುತ್ತೇವೆ. ಬೋಳಾದ ದಾರಿಯ ಕೆಳಗೆ ಚಳಿ ಜಾಸ್ತಿ ಆಳಕ್ಕೆ ಇಳಿಯುತ್ತದೆ. ನನ್ನ ದೀಪಗಳು ದಾರಿಯ ಅಂಚಿಗೇ ಅಂಟಿಕೊಂಡಿದ್ದವು. ಒಂದು ಬದಿ ಎದ್ದಷ್ಟು ಇನ್ನೊಂದು ಬದಿ ಏಳಲಿಲ್ಲ, ವಾಲಿದವು.

ಮತ್ತೆ ಹೂತಿದ್ದು

ನಾವಿರುವ ದಕ್ಷಿಣ ಮಿನ್ನೆಸೋಟದಲ್ಲಿ, ಹೆಪ್ಪುಗಟ್ಟುವ ಮಣ್ಣಿಗಿಂತ ಕೆಳಗಿರಲಿ ಅಂತ, ಕಟ್ಟಡದ ಪಾಯವನ್ನು 42 ಇಂಚು ಆಳ ಇಡಬೇಕು ಅನ್ನುತ್ತದೆ ನಿಯಮ. ದೀಪದ ಗೂಟಕ್ಕೆ ಅಷ್ಟು ಆಳ ಅಗೆಯಲು ಆಗುವುದಿಲ್ಲ. ಹಾಗಾಗಿ ನೀರನ್ನೇ ದೂರ ಇಡಬೇಕು. ಒಂದನ್ನು ಬಿಟ್ಟು ಉಳಿದ ಪ್ರತಿ ದೀಪಕ್ಕೂ ಒಂದಡಿ ಆಳದ ಗುಂಡಿ ತೋಡಿ, ಹೂಳು ತೆಗೆದು, ಪುಡಿ ಇಲ್ಲದ ಮುಕ್ಕಾಲು ಇಂಚಿನ ಜಲ್ಲಿ ತುಂಬಿ, ಅದರಲ್ಲಿ ಗೂಟ ನಿಲ್ಲಿಸಿದೆ. ದಾರಿಯಿಂದ ಒಂದೂವರೆ ಅಡಿ ಒಳಗೆ. ಹಿಮ ಎತ್ತುವ ಸನಿಕೆಯೂ ಅಲ್ಲಿಗೆ ತಾಗುವುದಿಲ್ಲ.

12 ವೋಲ್ಟ್ ಕೇಬಲ್‌ಗೆ 6 ಇಂಚು ಆಳ ಸಾಕು. ಅದು ಚಳಿಗಾಲ ಪೂರ್ತಿ ಹೆಪ್ಪುಗಟ್ಟಿದ ಮಣ್ಣಲ್ಲೇ ಇರುತ್ತದೆ, ತೊಂದರೆ ಇಲ್ಲ. ತೊಂದರೆ ಎಳೆತದಿಂದ. ಉರಿಯದ ಎರಡು ದೀಪಗಳನ್ನು ಅಗೆದು ನೋಡಿದಾಗ ಕೇಬಲ್ ಬಿಗಿಯಾಗಿತ್ತು, ಗೂಟ ಎದ್ದಾಗ ಕನೆಕ್ಟರ್ ಕಿತ್ತುಬಂದಿತ್ತು. ಈಗ ಪ್ರತಿ ದೀಪದ ಬುಡದಲ್ಲೂ ಒಂದಡಿ ಕೇಬಲ್ ಸುರುಳಿ ಬಿಟ್ಟಿದ್ದೇನೆ. ಚುಚ್ಚಿ ಹಿಡಿಯುವ ಕನೆಕ್ಟರ್ ಬಿಟ್ಟು, ಒಳಗೆ ಜೆಲ್ ತುಂಬಿದ, ತಿರುಗಿಸುವಂಥದ್ದನ್ನು ಹಾಕಿದೆ. ನೀರು ಒಳಗೆ ಹೋಗದಿದ್ದರೆ ಅಲ್ಲಿ ಐಸ್ ಆಗುವ ಪ್ರಶ್ನೆಯೇ ಇಲ್ಲ.

ಅಗೆಯುವ ಕೆಲವು ದಿನ ಮುಂಚೆ 811ಕ್ಕೆ ಫೋನ್ ಮಾಡಿ. ಪುಕ್ಕಟೆಯಾಗಿ ಬಂದು ಗ್ಯಾಸ್, ಕರೆಂಟ್ ಲೈನ್ ಎಲ್ಲಿದೆ ಅಂತ ಗುರುತು ಹಾಕುತ್ತಾರೆ. ಕೆಲಸ ಅಕ್ಟೋಬರ್ ಒಳಗೆ ಮುಗಿಯಲಿ, ನೆಲ ಹೆಪ್ಪುಗಟ್ಟಿದ ಮೇಲೆ ಹಾರೆ ಇಳಿಯುವುದಿಲ್ಲ.

ಪ್ರತಿ ಗೂಟಕ್ಕೂ ನೆಲದ ಮಟ್ಟದಲ್ಲಿ ಕೆಂಪು ಬಣ್ಣದ ಗೆರೆ ಎಳೆದಿದ್ದೇನೆ. ಹೋಲಿಸಿ ನೋಡಲು ಒಂದನ್ನು ಮಾತ್ರ ಜಲ್ಲಿ ಹಾಕದೆ ಹಳೇ ಮಣ್ಣಲ್ಲೇ ಬಿಟ್ಟಿದ್ದೇನೆ. ಏಪ್ರಿಲ್‌ನಲ್ಲಿ ಯಾವ ಗೆರೆ ಎಷ್ಟು ಮೇಲೆ ಬಂದಿದೆ ಅಂತ ಅಳೆದು ಇಲ್ಲೇ ಸೇರಿಸುತ್ತೇನೆ.