ಇಟಲಿಯ ಕಡಲ ತೀರಕ್ಕೆ ಹೋಗುವುದಾದರೆ ಯಾವ ಊರು?

ಪ್ರಶ್ನೆ: ಇಟಲಿಗೆ ಹೋದಾಗ ಐದು ದಿನ ಕಡಲ ತೀರದಲ್ಲೇ ಇರಬೇಕು ಅಂತ ಮಕ್ಕಳ ಆಸೆ. ಅಪ್ಪ ಅಮ್ಮನೂ ಬರುತ್ತಾರೆ. ಅಮ್ಮನಿಗೆ ಮಂಡಿನೋವು. ಫೋಟೊದಲ್ಲಿ ಪೊಸಿತಾನೊ ತುಂಬಾ ಚೆನ್ನಾಗಿ ಕಾಣುತ್ತದೆ. ಅಲ್ಲೇ ರೂಮು ಮಾಡಬಹುದಾ?

ಉತ್ತರ: ನೋಡಲು ಒಂದು ದಿನ ಹೋಗಿ ಬನ್ನಿ. ಉಳಿದುಕೊಳ್ಳಲು ಬೇಡ.

ಪೊಸಿತಾನೊ ಇರುವುದು ಅಮಾಲ್ಫಿ ಕರಾವಳಿಯಲ್ಲಿ. ಅಲ್ಲಿ ಬೆಟ್ಟ ನೇರವಾಗಿ ಕಡಲಿಗೆ ಇಳಿಯುತ್ತದೆ. ಮನೆಗಳು ಒಂದರ ಮೇಲೊಂದು ಜೋಡಿಸಿಟ್ಟ ಹಾಗೆ ಕಾಣುವುದು ಅದಕ್ಕೇ. ಮೆಟ್ಟಿಲು ಜಾಸ್ತಿ ಇರುವುದೂ ಅದಕ್ಕೇ. ಬೆಳಿಗ್ಗೆ ಖುಷಿಯಾಗಿ ನೀರಿಗೆ ಇಳಿದವರು ಮಧ್ಯಾಹ್ನದ ಬಿಸಿಲಿನಲ್ಲಿ ವಾಪಸ್ ಹತ್ತಬೇಕು. ಅಮ್ಮನ ಮಂಡಿಗೆ ಅದು ದಿನಾ ಶಿಕ್ಷೆ. ಇನ್ನು ಕೆಳಗೆ ಸಿಗುವುದು ಮೆತ್ತನೆಯ ಮರಳಲ್ಲ, ಬೂದು ಬಣ್ಣದ ಹರಳುಕಲ್ಲು. ಮಕ್ಕಳಿಗೆ ಮರಳಿನ ಮನೆ ಕಟ್ಟಲೂ ಆಗುವುದಿಲ್ಲ.

ಹಾಗಾಗಿ ಊರಿನ ಫೋಟೊ ನೋಡುವ ಮೊದಲು ಕಾಲ ಕೆಳಗೆ ಕಲ್ಲೋ ಮರಳೋ ಅಂತ ಕೇಳಿ. ವಾಯವ್ಯ ಇಟಲಿಯ ಕರಾವಳಿಯಲ್ಲಿರುವ ಚಿಂಕ್ವೆ ತೆರ್ರೆಯ ಐದು ಹಳ್ಳಿಗಳಲ್ಲಿ ಸರಿಯಾದ ಮರಳ ತೀರ ಇರುವುದು ಮೊಂತೆರೊಸ್ಸೊದಲ್ಲಿ ಮಾತ್ರ. ದಕ್ಷಿಣ ಇಟಲಿಯ ಪುಲಿಯಾ ಪ್ರಾಂತ್ಯದ ಪೊಲಿನ್ಯಾನೊ ಊರಿನ, ಎರಡು ಬಂಡೆಗಳ ನಡುವಿನ ಆ ಪ್ರಸಿದ್ಧ ತೀರವೂ ಕಲ್ಲೇ, ಅದೂ ತುಂಬಾ ಚಿಕ್ಕದು.

ಮಕ್ಕಳು ತೀರಾ ಚಿಕ್ಕವರಾಗಿದ್ದರೆ ರಿಮಿನಿ ನೋಡಿ. ಏಡ್ರಿಯಾಟಿಕ್ ಕಡಲಿನ ಬದಿ, ಸುಮಾರು 15 ಕಿಲೋಮೀಟರ್ ಉದ್ದದ ಮರಳು. ನೀರು ಬಹಳ ದೂರದವರೆಗೆ ಆಳ ಇಲ್ಲ. ಆದರೆ ಫೋಟೊದಲ್ಲಿ ಕಾಣುವ ಆ ಕಡುನೀಲಿ ನೀರು ಇಲ್ಲಿ ಸಿಗುವುದಿಲ್ಲ. ತೀರದ ಹೆಚ್ಚಿನ ಭಾಗದಲ್ಲಿ ಸಾಲುಸಾಲು ಛತ್ರಿಗಳು. ಛತ್ರಿಗೂ ಕುರ್ಚಿಗೂ ದಿನದ ಬಾಡಿಗೆ ಕೊಡಬೇಕು. ನೀರಿಗೆ ಹತ್ತಿರದ ಮೊದಲ ಸಾಲಿಗೆ ಸಾಮಾನ್ಯವಾಗಿ ರೇಟು ಜಾಸ್ತಿ. ನಮ್ಮವರಿಗೆ ಇದು ವಿಚಿತ್ರ ಅನ್ನಿಸಬಹುದು. ಆದರೆ ನೆರಳು, ಶೌಚಾಲಯ, ಸ್ನಾನದ ನೀರು ಪಕ್ಕದಲ್ಲೇ ಇದ್ದರೆ ವಯಸ್ಸಾದವರಿಗೆ ಎಷ್ಟು ಆರಾಮ ಅಲ್ವಾ? ದುಡ್ಡು ಕೊಡುವುದು ಬೇಡ ಅಂದರೆ 'ಸ್ಪ್ಯಾಜಾ ಲಿಬೆರಾ' ಎಂಬ ಬೋರ್ಡು ಹುಡುಕಿ. ಅದು ಎಲ್ಲರಿಗೂ ತೆರೆದಿರುವ ತೀರ.

ನಿಮ್ಮ ಮನೆಯವರಿಗೆ ನಾನು ಹೇಳುವ ಊರು ಮಾತ್ರ ಸಿಸಿಲಿ ದ್ವೀಪದ ಚೆಫಲು. ಆ ದ್ವೀಪದ ರಾಜಧಾನಿ ಪಲೆರ್ಮೊದಿಂದ ರೈಲಿನಲ್ಲಿ ಒಂದು ಗಂಟೆಯೊಳಗೆ ತಲುಪಬಹುದು. ಸ್ಟೇಷನ್ನಿನಿಂದ ತೀರಕ್ಕೆ ನಡೆದೇ ಹೋಗುವಷ್ಟು ದೂರ. ಬಿಲ್ಲಿನ ಹಾಗೆ ಬಾಗಿದ ಮರಳ ತೀರ, ಅದರ ಒಂದು ತುದಿಗೆ ಹಳೆಯ ಊರು, ಊರಿನ ಬೆನ್ನಿಗೆ ದೊಡ್ಡ ಬಂಡೆಬೆಟ್ಟ. ಬೆಟ್ಟದ ಕೆಳಗಿರುವ ಚರ್ಚನ್ನು ರಾಜ ಎರಡನೇ ರೋಜರ್ 1131ರಲ್ಲಿ ಕಟ್ಟಿಸಲು ಶುರು ಮಾಡಿದ. ಮಕ್ಕಳು ನೀರಿನಲ್ಲಿ ಆಡುವಾಗ ಅಜ್ಜ ಅಜ್ಜಿ ಅಲ್ಲಿಯವರೆಗೆ ನಿಧಾನವಾಗಿ ನಡೆದು ಬರಬಹುದು. ಒಂದೇ ಊರಿನಲ್ಲಿ ಎಲ್ಲರಿಗೂ ಏನಾದರೂ ಇದೆ, ಇದೇ ನನಗೆ ಇಷ್ಟ. ಸಸ್ಯಾಹಾರಿಗಳಿಗೂ ಸಿಸಿಲಿ ಒಳ್ಳೆಯದು. ಬದನೆಕಾಯಿ, ಟೊಮೆಟೊ ಹಾಕಿದ 'ಪಾಸ್ತಾ ಅಲ್ಲಾ ನೋರ್ಮಾ' ಕೇಳಿ. ಪುಲಿಯಾದಲ್ಲಿ ಸೊಪ್ಪಿನ ಪಾಸ್ತಾ ಸಿಗುತ್ತದೆ, ಆದರೆ ಅದಕ್ಕೆ ಎಷ್ಟೋ ಕಡೆ ಸಣ್ಣ ಮೀನು ಸೇರಿಸುತ್ತಾರೆ.

ಸಾರ್ಡಿನಿಯಾ ದ್ವೀಪದ ನೀರು ಇವೆಲ್ಲಕ್ಕಿಂತ ಚೆಂದ. ಆದರೆ ಅಲ್ಲಿ ಕಾರು ಇಲ್ಲದೆ ಓಡಾಡುವುದು ಕಷ್ಟ.

ಯಾವ ತಿಂಗಳು ಹೋಗುತ್ತೀರಿ ಅಂತ ನೀವು ಬರೆದಿಲ್ಲ. ಅದು ಊರಿನಷ್ಟೇ ಮುಖ್ಯ. ಮಕ್ಕಳ ಬೇಸಿಗೆ ರಜೆ ಅಂತ ಏಪ್ರಿಲ್‌ನಲ್ಲಿ ಹೋದರೆ ಸಿಸಿಲಿಯಲ್ಲೂ ನೀರು 16 ಡಿಗ್ರಿ ಆಸುಪಾಸು. ಮಲ್ಪೆಯ ಬೆಚ್ಚಗಿನ ನೀರಿಗೆ ಒಗ್ಗಿದ ಮಕ್ಕಳು ಕಾಲು ಇಟ್ಟ ಕೂಡಲೇ ಓಡಿ ಬರುತ್ತಾರೆ. ಆಗಸ್ಟ್ 15ರ ಆಸುಪಾಸು ಇಟಲಿಯವರಿಗೇ ರಜೆ, ಎಲ್ಲರೂ ಕಡಲಿನಲ್ಲೇ ಇರುತ್ತಾರೆ. ರೂಮಿನ ಬೆಲೆಯೂ ಗಗನಕ್ಕೆ. ಜೂನ್ ಕೊನೆ ಅಥವಾ ಸೆಪ್ಟೆಂಬರ್ ಒಳ್ಳೆಯದು. ಶಾಲೆ ತಪ್ಪಿಸಲು ಆಗುವುದಿಲ್ಲ ಎಂದಾದರೆ ದಸರಾ ರಜೆಗೆ ಹೊರಡಿ. ಅಷ್ಟು ಹೊತ್ತಿಗೆ ರಿಮಿನಿಯಲ್ಲಿ ಬಹುಪಾಲು ಛತ್ರಿಗಳನ್ನು ಮಡಚಿಟ್ಟಿರುತ್ತಾರೆ. ಚೆಫಲುವಿನಲ್ಲಿ ನೀರು ಆಗಲೂ ಸ್ನಾನಕ್ಕೆ ಹಿತವಾಗಿರುತ್ತದೆ.