ಕನ್ನಡ ಮೊಳೆ ಸಿಗದಿದ್ದರೂ ಅಚ್ಚುಕೂಟ ತೆರೆಯಬಹುದೇ?

ಪ್ರಶ್ನೆ: ಬೆಳಗಾವಿಯಲ್ಲಿ ಹಳೆಯ ಟ್ರೆಡಲ್ ಯಂತ್ರವೊಂದನ್ನು (ಉಬ್ಬಿದ ಅಕ್ಷರಕ್ಕೆ ಶಾಯಿ ಹಚ್ಚಿ ಕಾಗದಕ್ಕೆ ಒತ್ತುವ ಸಣ್ಣ ಅಚ್ಚಿನ ಯಂತ್ರ) ನೋಡಿಟ್ಟಿದ್ದೇನೆ. ಲಗ್ನಪತ್ರಿಕೆ, ವಿಸಿಟಿಂಗ್ ಕಾರ್ಡುಗಳನ್ನು ನಾನೇ ವಿನ್ಯಾಸ ಮಾಡಿ ನಾನೇ ಅಚ್ಚು ಹಾಕಬೇಕೆಂಬ ಆಸೆ. ಆದರೆ ಕನ್ನಡದ ಸೀಸದ ಮೊಳೆಗಳು, ಅಂದರೆ ಜೋಡಿಸಿ ಅಚ್ಚು ಹಾಕುವ ಬಿಡಿ ಅಕ್ಷರಗಳು, ಎಲ್ಲಿ ಕೇಳಿದರೂ ಪೂರ್ತಿ ಸಿಗುತ್ತಿಲ್ಲ. ಮೊಳೆಯಿಲ್ಲದೆ ಈ ಕೆಲಸಕ್ಕೆ ಕೈ ಹಾಕಬಹುದೇ?

ಉತ್ತರ: ಖಂಡಿತ ಹಾಕಬಹುದು. ಮೊಳೆಗಾಗಿ ಕಾಯುತ್ತ ಕುಳಿತರೆ ಕೆಲಸ ಆರಂಭವೇ ಆಗುವುದಿಲ್ಲ. ನಿಮಗೆ ಬೇಕಾದದ್ದು ಪಾಲಿಮರ್ ಪ್ಲೇಟು. ಕಂಪ್ಯೂಟರಿನಲ್ಲಿ ಮಾಡಿದ ವಿನ್ಯಾಸದ ನೆಗೆಟಿವ್ ಫಿಲ್ಮನ್ನು ಪ್ಲೇಟಿನ ಮೇಲಿಟ್ಟು ನೇರಳಾತೀತ ಬೆಳಕು ಹಾಯಿಸಿದರೆ, ಬೆಳಕು ತಾಗಿದಷ್ಟು ಭಾಗ ಗಟ್ಟಿಯಾಗುತ್ತದೆ. ಉಳಿದದ್ದು ನೀರಿನಲ್ಲಿ ತೊಳೆದುಹೋಗುತ್ತದೆ. ಉಬ್ಬಿ ನಿಂತ ಆ ಅಕ್ಷರ ಮೊಳೆಯ ಹಾಗೆಯೇ ಶಾಯಿ ಹಿಡಿದು ಕಾಗದವನ್ನು ಒತ್ತುತ್ತದೆ.

ಕನ್ನಡ ಮೊಳೆಯ ಪೂರ್ಣ ಸೆಟ್ಟು ಸಿಗದಿರುವುದರಲ್ಲಿ ಆಶ್ಚರ್ಯವಿಲ್ಲ. ಪ್ರತಿ ವ್ಯಂಜನಕ್ಕೂ ಗುಣಿತ, ಅದರ ಕೆಳಗೊಂದು ಒತ್ತು. ಇವುಗಳ ತುಂಡುಗಳನ್ನು ಬೇರೆ ಬೇರೆಯಾಗಿ ಎರಕ ಹೊಯ್ಯಬೇಕು. ಒಂದು ಅಳತೆಯ ಅಕ್ಷರಕ್ಕೇ ನೂರಾರು ಖಾನೆಗಳು ಬೇಕು. ‘ಕ್ಷ’ ಸವೆದುಹೋಗಿದ್ದರೆ ನಮ್ಮ ಕಡೆಯ ಲಗ್ನಪತ್ರಿಕೆಯಲ್ಲಿ ‘ಅಕ್ಷತಾರೋಪಣ’ದ ಸಾಲೇ ನಿಲ್ಲುತ್ತದೆ. 1817ರಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣವನ್ನು ಸೆರಾಂಪುರದಲ್ಲಿ ಮೊಳೆ ಜೋಡಿಸಿ ಅಚ್ಚು ಹಾಕಿದವರಿಗೂ ಇದೇ ಭಾರವಿತ್ತು. 1843ರಲ್ಲಿ ಹೊರಟ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಬಂತು, ಅಂದರೆ ಮೊಳೆ ಜೋಡಿಸದೆ, ಇಡೀ ಪುಟವನ್ನೇ ಒಂದಾಗಿ ಅಚ್ಚಿಗೆ ಕೊಟ್ಟದ್ದು. ಆದ್ದರಿಂದ ಪ್ಲೇಟಿನಲ್ಲಿ ಮುದ್ರಿಸಿದರೆ ಅದು ಅಸಲಿ ಕೆಲಸವಲ್ಲ ಎನ್ನುವವರ ಮಾತಿಗೆ ನೀವು ಕುಗ್ಗಬೇಕಾಗಿಲ್ಲ.

ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದದ್ದು ಅಕ್ಷರದ ಆಯ್ಕೆಯ ಬಗ್ಗೆ. ಪರದೆಗೆಂದು ಮಾಡಿದ ತೆಳ್ಳನೆಯ ಫಾಂಟುಗಳ ಎಳೆಗಳು ಪ್ಲೇಟು ತೊಳೆಯುವಾಗಲೇ ಕಿತ್ತುಹೋಗುತ್ತವೆ. ಕಾಲು ಪಾಯಿಂಟಿಗಿಂತ ತೆಳುವಾದ ಗೆರೆಯನ್ನು ನಂಬಬೇಡಿ. ತೀರಾ ದಪ್ಪ ಅಕ್ಷರದಲ್ಲಿ ತೊಂದರೆ ಬೇರೆ: ಒತ್ತಿದಾಗ ಶಾಯಿ ಅಂಚಿನಿಂದ ಸ್ವಲ್ಪ ಹೊರಗೆ ಚೆಲ್ಲುತ್ತದೆ, ಸಣ್ಣ ಸಂದುಗಳು ಮುಚ್ಚಿಕೊಳ್ಳುತ್ತವೆ. ‘ಧ’ಕ್ಕೂ ‘ದ’ಕ್ಕೂ ಇರುವ ವ್ಯತ್ಯಾಸ ಬುಡದ ಒಂದು ಪುಟ್ಟ ಗೀಟು. ಆ ಗೀಟಿನ ಸುತ್ತ ಶಾಯಿ ತುಂಬಿದರೆ ‘ಧನ’ ‘ದನ’ವಾಗುತ್ತದೆ. ‘ಭ’, ‘ಫ’ಗಳಿಗೂ ಇದೇ ಗತಿ. ಒತ್ತಕ್ಷರಗಳು ಮೂಲ ಅಕ್ಷರಕ್ಕಿಂತ ಚಿಕ್ಕವು. ಇಂಗ್ಲಿಷಿನಲ್ಲಿ ಎಂಟು ಪಾಯಿಂಟಿಗೆ ಚೆನ್ನಾಗಿ ಬರುವ ವಿಳಾಸವನ್ನು ಕನ್ನಡದಲ್ಲಿ ಹತ್ತು, ಹನ್ನೊಂದಕ್ಕೆ ಏರಿಸಿ. ಸಾಲುಗಳ ನಡುವೆ ಒತ್ತಿಗೆ ಉಸಿರಾಡುವಷ್ಟು ಜಾಗ ಬಿಡಿ. ಬೆಳಗಾವಿಯಲ್ಲಿ ಒಂದೇ ಪತ್ರಿಕೆಯಲ್ಲಿ ಕನ್ನಡ, ಮರಾಠಿ ಎರಡನ್ನೂ ಕೇಳುವ ಮನೆಗಳಿವೆ. ನಾಗರಿಯ ತಲೆಗೆರೆ ಉದ್ದಕ್ಕೂ ಶಾಯಿ ಹಿಡಿದು ಕಪ್ಪಾಗಿ ಕಾಣುತ್ತದೆ; ಪಕ್ಕದ ಕನ್ನಡ ಮಂಕಾಗದಂತೆ ಎರಡರ ಗೆರೆಗಳ ದಪ್ಪವನ್ನು ಕಣ್ಣಿನಿಂದಲೇ ಸರಿದೂಗಿಸಬೇಕು.

ಮೊಳೆಯ ಎತ್ತರ 23.32 ಮಿಲಿಮೀಟರ್. ಪ್ಲೇಟು ತೀರಾ ತೆಳು. ಅದನ್ನು ಅಂಟಿಸಲು ಅಲ್ಯೂಮಿನಿಯಮ್ ಹಾಸು ಬೇಕು, ಎರಡೂ ಸೇರಿ ಆ ಎತ್ತರಕ್ಕೆ ಬರಬೇಕು. ಹಾಸು ಒಂದು ಮೂಲೆಯಲ್ಲಿ ಕೂದಲೆಳೆ ತಗ್ಗಿದರೂ ಅಚ್ಚು ಅಲ್ಲಿ ಮಾಸುತ್ತದೆ. ಇಂಥದ್ದನ್ನು ಊರಲ್ಲೇ ಮಾಡಿಸಿಕೊಳ್ಳುವ ಭಾಗ್ಯ ಬೆಳಗಾವಿಯವರದು. ಎರಕದ ಕಾರ್ಖಾನೆಗಳೂ ಮಷಿನ್ ಶಾಪುಗಳೂ ತುಂಬಿರುವ ಉದ್ಯಮಬಾಗಿನಲ್ಲಿ ಹಾಸನ್ನು ಸಮತಟ್ಟಾಗಿ ಗ್ರೈಂಡ್ ಮಾಡಿಸಬಹುದು, ಯಂತ್ರದ ಸವೆದ ಬುಷ್ಷುಗಳನ್ನು ಹೊಸದಾಗಿ ಕಡೆಸಬಹುದು. ಯಂತ್ರ ಕೊಳ್ಳುವಾಗ ಮಾತ್ರ ಬೀಡಿನ ಚೌಕಟ್ಟಿನಲ್ಲಿ ಬಿರುಕು ಅಥವಾ ಬೆಸುಗೆಯ ಗುರುತು ಕಂಡರೆ ಹಿಂದೆ ಸರಿಯಿರಿ. ಕಾಗದದ ಮೇಲೆ ಅಚ್ಚು ಒತ್ತದಂತೆ ತಪ್ಪಿಸುವ ಹಿಡಿಕೆ ತಕ್ಷಣ ಕೆಲಸ ಮಾಡುತ್ತದೆಯೇ ಎಂದು ಯಂತ್ರ ಓಡಿಸಿಯೇ ನೋಡಿ. ಕಾಗದ ಓರೆಯಾದಾಗ ಕೈ ಒಳಗೆ ಹೋಗುವುದು ಕ್ಷಣದ ಮಾತು. ಆಗ ಕೈಯಲ್ಲಿ ಸರಿಪಡಿಸುವುದಲ್ಲ, ಹಿಡಿಕೆ ಎಳೆಯುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮ ಎದುರಾಳಿ ಮಳೆ. ಹತ್ತಿಯ ಕಾಗದ ತೇವ ಹೀರಿ ಹಿಗ್ಗುತ್ತದೆ. ಇಂದು ಕೆಂಪು, ನಾಡಿದ್ದು ಕಪ್ಪು ಎಂದು ಹಾಕಿದರೆ ಬಣ್ಣಗಳು ಒಂದರ ಮೇಲೊಂದು ಕೂರುವುದಿಲ್ಲ. ಕಾಗದವನ್ನು ಮುದ್ರಿಸುವ ಕೋಣೆಯಲ್ಲೇ ಒಂದೆರಡು ದಿನ ಇಟ್ಟು, ಎರಡು ಬಣ್ಣಗಳ ನಡುವೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಿ. ಶಾಯಿ ಒಣಗುವುದೂ ನಿಧಾನ. ಕಾರ್ಡುಗಳನ್ನು ಎತ್ತರಕ್ಕೆ ಪೇರಿಸಬೇಡಿ. ಜೈಪುರದ ಬಳಿಯ ಸಾಂಗಾನೇರಿನ ಕೈಕಾಗದ ಬಹಳ ಸುಂದರವಾಗಿರುತ್ತದೆ, ಆದರೆ ಹಾಳೆಯಿಂದ ಹಾಳೆಗೆ ದಪ್ಪ ಬದಲಾಗುತ್ತದೆ. ಅದರ ಎರಡು ಅಂಚುಗಳನ್ನಾದರೂ ನೇರವಾಗಿ ಕತ್ತರಿಸಿಕೊಳ್ಳದಿದ್ದರೆ ಯಂತ್ರದಲ್ಲಿ ಕಾಗದದ ಜಾಗ ಹಿಡಿದಿಡುವ ಗೇಜಿಗೆ ತಾಗಿ ನಿಲ್ಲುವುದಿಲ್ಲ.

ಬೆಲೆಯನ್ನು ಕಾರ್ಡಿಗೆ ಇಷ್ಟು ಎಂದು ಹೇಳಬೇಡಿ. ಪ್ಲೇಟು ಕೂರಿಸಿ, ಅಚ್ಚು ಮಾಸಿದ ಕಡೆ ಹಿಂಬದಿಯಲ್ಲಿ ಟಿಶ್ಯೂ ಕಾಗದದ ಚೂರು ಅಂಟಿಸುತ್ತ ಒತ್ತಡವನ್ನು ಹದಕ್ಕೆ ತರಲು ಐವತ್ತು ಕಾರ್ಡಿಗೂ ಅಷ್ಟೇ ಹೊತ್ತು, ಐನೂರಕ್ಕೂ ಅಷ್ಟೇ. ವಿನ್ಯಾಸ, ಪ್ಲೇಟು, ಪ್ರತಿ ಬಣ್ಣದ ಸಿದ್ಧತೆ, ಕಾಗದ, ಓಟ ಎಂದು ಬಿಡಿಸಿ ಬರೆದುಕೊಡಿ, ಗಿರಾಕಿಗೆ ಅರ್ಥವಾಗುತ್ತದೆ. ಲಗ್ನದ ಸುಗ್ಗಿ ಮುಗಿದ ತಿಂಗಳುಗಳಲ್ಲಿ ಬಿಲ್ ಪುಸ್ತಕಗಳ ನಂಬರಿಂಗ್, ಕ್ರೀಸಿಂಗ್ (ಮಡಿಕೆಯ ಗೆರೆ ಹಾಕುವುದು), ಡೈ ಕಟಿಂಗ್ (ಅಚ್ಚಿನ ಆಕಾರಕ್ಕೆ ಕತ್ತರಿಸುವುದು) ಕೆಲಸಗಳನ್ನು ಆಫ್‌ಸೆಟ್ ಪ್ರೆಸ್ಸುಗಳಿಂದ ಹಿಡಿದುಕೊಳ್ಳಿ. ಹಳೆಯ ಟ್ರೆಡಲ್‌ಗಳನ್ನು ಇಂದಿಗೂ ಉಳಿಸಿರುವುದು ಆ ಕೆಲಸವೇ.

ಇಷ್ಟೆಲ್ಲ ಹೇಳಿದರೂ, ಎಲ್ಲಾದರೂ ಪ್ರೆಸ್ಸು ಮುಚ್ಚುವ ಸುದ್ದಿ ಕಿವಿಗೆ ಬಿದ್ದರೆ ಗುಜರಿಯವರಿಗಿಂತ ಮೊದಲು ಅಲ್ಲಿಗೆ ಹೋಗಿ. ಮೊಳೆಗಳು ತೂಕದ ಲೆಕ್ಕದಲ್ಲಿ ಕರಗಿಹೋಗುತ್ತಿವೆ. ಅದನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಬಳ್ಳಿಯ ಅಂಚುಗಳು, ದೊಡ್ಡ ಶೀರ್ಷಿಕೆಯ ಅಕ್ಷರಗಳು, ಮರದ ಮೊಳೆಗಳು ಪ್ಲೇಟಿನ ಜೊತೆಗೇ ಬಳಕೆಗೆ ಬರುತ್ತವೆ. ಅಲ್ಲಿ ಮೊಳೆ ಜೋಡಿಸುತ್ತಿದ್ದ ಹಿರಿಯರು ಸಿಕ್ಕರೆ ಯಾವ ಖಾನೆಯಲ್ಲಿ ಯಾವ ಅಕ್ಷರ ಎಂಬುದನ್ನು ಬರೆಸಿಕೊಳ್ಳಿ. ಸೀಸ ವಿಷ, ಖಾನೆಗಳ ಧೂಳನ್ನು ಊದದೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಮೊಳೆ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಚಹಾದ ಲೋಟ ಹಿಡಿಯಬೇಡಿ.